ನದಿಯಾಚೆಯ ಅರ್ಜಿಗಳು

ವಿವಾಹ ನೋಂದಣಿ ಕಚೇರಿಯಲ್ಲಿ ಬೆರಳಚ್ಚುಗಾರ್ತಿಯನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಅವಳು ಹುಟ್ಟಿದ್ದು ನದಿಯಾಚೆಯ ರಾಜ್ಯದಲ್ಲಿ, ಸೊಸೆಯಾಗಿ ಬಂದದ್ದು ಈಚೆಯ ರಾಜ್ಯಕ್ಕೆ. ನಡುವೆ ಒಂದು ಸೇತುವೆ, ಬಸ್ಸಿನಲ್ಲಿ ನಲವತ್ತು ನಿಮಿಷದ ದಾರಿ. ಆದರೆ ಮದುವೆಯಾದ ಮೊದಲ ವಾರದಲ್ಲೇ ಅವಳ ಅತ್ತೆ ಆ ನಲವತ್ತು ನಿಮಿಷವನ್ನು ನೂರು ವರ್ಷ ಮಾಡಿಬಿಟ್ಟಿದ್ದಳು.

"ನಿಮ್ಮ ಕಡೆ ಹೆಣ್ಮಕ್ಕಳು ಬಾಗಿಲ ಹಿಂದೆ ನಿಂತು ಮಾತಾಡ್ತಾರಂತೆ, ಹೌದಾ? ನಮ್ಮಲ್ಲಿ ಹಾಗೆಲ್ಲ ಇಲ್ಲಮ್ಮ. ನಾವು ಮುಂದುವರಿದವರು."

ಹೊಸ ಸೊಸೆ ನಕ್ಕಳು. ಇಪ್ಪತ್ತೆರಡು ವರ್ಷ ನಗುತ್ತಲೇ ಬಂದಳು. ಗಂಡ ಪ್ರೌಢಶಾಲೆಯಲ್ಲಿ ಸಮಾಜ ಪಾಠ ಹೇಳುವ ಮೇಷ್ಟ್ರು. ಮನೆಗೆ ನಾಲ್ಕು ಜನ ಸ್ನೇಹಿತರು ಬಂದರೆ ಮಾತು ಸುತ್ತಿ ಬಳಸಿ ಅಲ್ಲಿಗೇ ಬರುತ್ತಿತ್ತು: ನಾವು ಎಷ್ಟು ಉದಾರಿಗಳು, ಅವರು ಎಷ್ಟು ಗೊಡ್ಡು. ಆಗ ಅವನು ಹೆಂಡತಿಯ ಕಡೆ ತಿರುಗಿ, "ನಿಮ್ಮಪ್ಪನ ಕಿಟಕಿ ಕಥೆ ಹೇಳೇ" ಎನ್ನುತ್ತಿದ್ದ. ಹೆಣ್ಣುಮಕ್ಕಳು ರಸ್ತೆ ನೋಡಬಾರದೆಂದು ಅವಳ ಅಪ್ಪ ಕಿಟಕಿಯ ಕೆಳಭಾಗಕ್ಕೆ ಹಲಗೆ ಹೊಡೆಸಿದ್ದ. ಅಕ್ಕತಂಗಿಯರು ಸ್ಟೂಲ್ ಹಾಕಿಕೊಂಡು ನೋಡುತ್ತಿದ್ದರು. ಅವಳು ಅದನ್ನು ಕೈ ಆಡಿಸಿ, ಅಪ್ಪನ ದನಿ ಅಣಕಿಸಿ ಹೇಳುತ್ತಿದ್ದಳು. ಬಂದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ತವರಿನ ಮಾನವನ್ನು ಚಹಾದ ಜೊತೆ ತಟ್ಟೆಗೆ ಹಾಕಿ ಕೊಡುತ್ತಿದ್ದೇನೆ ಎಂದು ಅವಳಿಗೆ ಆಗ ಹೊಳೆಯಲೇ ಇಲ್ಲ.

ಕಚೇರಿ ಇದ್ದದ್ದು ಮುಖ್ಯರಸ್ತೆಯ ಹಳೇ ಕಟ್ಟಡದ ಮೊದಲನೇ ಮಹಡಿಯಲ್ಲಿ. ಕಬ್ಬಿಣದ ಕಪಾಟುಗಳು, ಅಂಟಿನ ವಾಸನೆ, ಬೆರಳು ಒದ್ದೆ ಮಾಡಿಕೊಳ್ಳಲು ಇಟ್ಟ ಸ್ಪಂಜಿನ ಡಬ್ಬಿ. ಈ ರಾಜ್ಯದ ಕಾನೂನು ಸುಲಭವಾಗಿತ್ತು. ವಯಸ್ಸಿಗೆ ಬಂದ ಇಬ್ಬರು, ಎರಡು ಸಾಕ್ಷಿ, ಒಂದು ಅರ್ಜಿ. ಮೂರನೇ ದಿನ ಪ್ರಮಾಣಪತ್ರ. ನದಿಯಾಚೆ ಹಾಗಲ್ಲ. ಅಲ್ಲಿ ಹುಡುಗ ಹುಡುಗಿಯ ಹೆಸರು, ವಿಳಾಸ, ಫೋಟೋಗಳನ್ನು ಮೂವತ್ತು ದಿನ ಬೋರ್ಡಿಗೆ ಅಂಟಿಸುತ್ತಿದ್ದರು. ಹಾಗಾಗಿ ಆಚೆಯ ಜೋಡಿಗಳು ಸೇತುವೆ ದಾಟಿ ಇಲ್ಲಿಗೆ ಬರುತ್ತಿದ್ದವು. ಬಂದವರ ಮುಖದ ಬೆವರು ನೋಡಿದರೇ ಅಕ್ಕನಿಗೆ ಗೊತ್ತಾಗುತ್ತಿತ್ತು, ಇವರು ಆ ಕಡೆಯವರು ಎಂದು. ಅವರ ಅರ್ಜಿಯನ್ನು ಅವಳು ತಪ್ಪಿಲ್ಲದೆ, ಬೇಗ ಟೈಪ್ ಮಾಡುತ್ತಿದ್ದಳು. ಅದೊಂದು ಅವಳ ಹೆಮ್ಮೆ.

ಆ ವರ್ಷ ಒಂದು ಪತ್ರಿಕೆ ರಾಜ್ಯಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಒಂದು ಪಟ್ಟಿ ಮಾಡಿತು. ಯಾವ ರಾಜ್ಯ ಹೆಚ್ಚು ಉದಾರ, ಯಾವುದು ಹೆಚ್ಚು ಸಂಪ್ರದಾಯಸ್ಥ. ಇವರ ರಾಜ್ಯ ಮೊದಲನೆಯದು. ನದಿಯಾಚೆಯದು ಕೊನೆಯಿಂದ ಎರಡನೆಯದು. ಅಧಿಕಾರಿ ಆ ಪುಟ ಕತ್ತರಿಸಿ, ಗಾಜು ಹಾಕಿಸಿ, ಬಂದವರ ಕಣ್ಣಿಗೆ ಬೀಳುವಂತೆ ತೂಗುಹಾಕಿಸಿದರು. ಅವರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ಐವತ್ತೇಳು ವಯಸ್ಸು, ಇಸ್ತ್ರಿ ಅಂಗಿ, ಮಾತಿಗೊಂದು "ಅಮ್ಮಾ", "ಮಗಳೇ". ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ಅದು ಮುರಿದು ಬಿದ್ದರೆ ಬೆರಳು ಹಾಕಿ ತೆಗೆದು ನೆಕ್ಕುತ್ತಿದ್ದರು. ಅದೇ ಬೆರಳಲ್ಲಿ ಜನರ ತಲೆ ಸವರಿ ಹರಸುತ್ತಿದ್ದರು. ಅಕ್ಕನಿಗೆ ಆ ಬೆರಳು ಯಾವತ್ತೂ ಹಿಡಿಸಿರಲಿಲ್ಲ. ದೊಡ್ಡವರು, ಒಳ್ಳೆಯವರು, ಬೆರಳಿಗೆ ಯಾಕೆ ತಲೆ ಕೆಡಿಸಿಕೊಳ್ಳಬೇಕು ಎಂದು ಸುಮ್ಮನಿದ್ದಳು.

ಪಟ್ಟಿ ಬಂದ ಎರಡನೇ ವಾರ ಆಚೆಯಿಂದ ಒಂದು ಜೋಡಿ ಬಂತು. ಹುಡುಗಿ ಬಟ್ಟೆ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವವಳು, ಇಪ್ಪತ್ತಮೂರು ವರ್ಷ. ಹುಡುಗ ಫ್ರಿಜ್ ರಿಪೇರಿಯವನು. ಅವನು ಅವಳ ಜಾತಿಯವನಲ್ಲ, ಸೇತುವೆ ದಾಟಿ ಬಂದದ್ದಕ್ಕೆ ಕಾರಣ ಅಷ್ಟೇ. ಅಕ್ಕ ಅರ್ಜಿ ಟೈಪ್ ಮಾಡುತ್ತಿದ್ದಾಗ ಸಾಹೇಬರು ತಮ್ಮ ಕೋಣೆಯಿಂದ ಎದ್ದುಬಂದು ಇಬ್ಬರಿಗೂ ಚಹಾ ತರಿಸಿದರು. ಅಂದು ಪಟ್ಟಿಯ ಬಗ್ಗೆ ಕಾರ್ಯಕ್ರಮ ಮಾಡಲು ಟಿವಿಯವಳು ಕ್ಯಾಮೆರಾ ಸಮೇತ ಬಂದು ಕೂತಿದ್ದಳು.

"ಒಂದೆರಡು ಮಾತಾಡಮ್ಮ," ಸಾಹೇಬರು ಹುಡುಗಿಗೆ ಹೇಳಿದರು. "ನಿಮ್ಮ ರಾಜ್ಯದಲ್ಲಿ ಆಗದೇ ಇದ್ದದ್ದು ಇಲ್ಲಿ ಆಯ್ತು ಅಂತ ಹೇಳು, ಸಾಕು."

"ಬೇಡ ಸಾರ್. ಮನೇಲಿ ಗೊತ್ತಾದ್ರೆ ಕೊಂದೇಬಿಡ್ತಾರೆ."

"ಇಲ್ಲಿಗೆ ಬಂದ್ಮೇಲೆ ಯಾಕಮ್ಮ ಹೆದರಿಕೆ? ಇದು ನಿಮ್ಮೂರಲ್ಲ."

ಹುಡುಗಿ ಒಪ್ಪಲಿಲ್ಲ. ಸಾಹೇಬರು ಬೇಸರ ಮಾಡಿಕೊಳ್ಳದೆ ಅವಳ ತಲೆ ಸವರಿದರು. ಅವಳು ಅಕ್ಕನ ಕಡೆ ನೋಡಿ ಸಣ್ಣಗೆ ನಕ್ಕು, "ನೀವೂ ನಮ್ಮ ಕಡೆಯವರ ಹಾಗೇ ಮಾತಾಡ್ತೀರಲ್ಲ ಅಕ್ಕಾ" ಎಂದಳು. ಅಕ್ಕ, "ಇಲ್ಲಪ್ಪ, ನಾನು ಇಲ್ಲಿಯವಳೇ" ಎಂದುಬಿಟ್ಟಳು. ಯಾಕೆ ಹಾಗೆಂದಳೋ ಅವಳಿಗೇ ತಿಳಿಯದು. ಕ್ಯಾಮೆರಾದ ಎದುರು ಬಾಯಿಂದ ಜಾರಿತು.

ಮೂರನೇ ದಿನ ಹನ್ನೊಂದು ಗಂಟೆಗೆ ಜೋಡಿ ಪ್ರಮಾಣಪತ್ರಕ್ಕೆ ಬಂತು. ಮೆಟ್ಟಿಲ ಕೆಳಗೆ ಹುಡುಗಿಯ ಚಿಕ್ಕಪ್ಪ, ಇಬ್ಬರು ಅಣ್ಣಂದಿರು, ಇನ್ನೂ ನಾಲ್ವರು ಕಾದಿದ್ದರು. ಕೂಗಾಟ ಕೇಳಿ ಅಕ್ಕ ಮೇಲಿನಿಂದ ಬಗ್ಗಿ ನೋಡುವಷ್ಟರಲ್ಲಿ ಹುಡುಗ ನೆಲದ ಮೇಲಿದ್ದ; ಒಬ್ಬ ಅವನ ದವಡೆಗೆ ಬೂಟುಗಾಲಲ್ಲಿ ಒದೆಯುತ್ತಿದ್ದ. ಹುಡುಗಿಯನ್ನು ಜಡೆ ಹಿಡಿದು ಕಾರಿಗೆ ತುರುಕಿದರು. ಎದುರಿನ ಚಪ್ಪಲಿ ಅಂಗಡಿಯವನು ಅರ್ಧ ಬಾಗಿಲು ಎಳೆದುಕೊಂಡು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದ. ಪೊಲೀಸರು ಮುಕ್ಕಾಲು ಗಂಟೆ ಬಿಟ್ಟು ಬಂದರು. ಇನ್ಸ್‌ಪೆಕ್ಟರ್ ಸುತ್ತ ನೋಡಿ, "ಎರಡೂ ಪಾರ್ಟಿ ಆ ಕಡೆಯವರೇ ತಾನೆ? ಹಾಗಾದ್ರೆ ಅವರ ಮನೆ ವಿಷಯ" ಎಂದ.

ಹುಡುಗನನ್ನು ಆಸ್ಪತ್ರೆಗೆ ಸಾಗಿಸಿದ ಮೇಲೆ ಸಾಹೇಬರು ಅಕ್ಕನನ್ನು ಕರೆದು ತಮ್ಮ ಮೊಬೈಲ್ ಕೊಟ್ಟರು. ಅವರಿಗೆ ಕಣ್ಣಿನ ಪೊರೆ. ಉದ್ದದ ಸಂದೇಶಗಳನ್ನು ಅವರು ಪಕ್ಕದಲ್ಲಿ ಕೂತು ಹೇಳಿದಂತೆ ಅವಳು ಟೈಪ್ ಮಾಡಿಕೊಡುವುದು ರೂಢಿ; ಮೊಬೈಲನ್ನು ಅವಳ ಕೈಗೇ ಬಿಟ್ಟು ಹೋದದ್ದು ಇದೇ ಮೊದಲು. "ಟಿವಿಯವಳಿಗೆ ಒಂದು ಹೇಳಿಕೆ ಕಳಿಸ್ಬೇಕು. ನೆರೆ ರಾಜ್ಯದ ಕ್ರೌರ್ಯವನ್ನ ಖಂಡಿಸ್ತೇವೆ ಅಂತ ಚೆನ್ನಾಗಿ ಬರಿ. ನಾನು ಇನ್ಸ್‌ಪೆಕ್ಟರನ್ನ ಕಳಿಸಿ ಬರ್ತೀನಿ."

ಟಿವಿಯವಳ ಹೆಸರು ಹುಡುಕುತ್ತಿದ್ದಾಗ ಅದರ ಮೇಲೆಯೇ ಇನ್ನೊಂದು ಹೆಸರಿತ್ತು: "ಆಚೆ ಆಫೀಸ್". ಅದರ ಕೆಳಗೆ ಪುಟ್ಟದಾಗಿ ಕಾಣುತ್ತಿದ್ದ ಕಾಗದ ಅವಳಿಗೆ ಪರಿಚಿತ. ಅವಳೇ ಟೈಪ್ ಮಾಡಿದ್ದು. ಎಡ ಅಂಚಿನಲ್ಲಿ ಹುಡುಗಿಯ ಹೆಬ್ಬೆಟ್ಟಿನ ಗುರುತು.

ಅಕ್ಕ ಬೆರಳಾಡಿಸಿದಳು. ಆಚೆಯ ನೋಂದಣಾಧಿಕಾರಿಗೆ ಸಾಹೇಬರು ಆ ಅರ್ಜಿಯ ಫೋಟೋ ಕಳಿಸಿದ್ದರು, ಕೆಳಗೆ, "ಮೂರನೇ ದಿನ ಹನ್ನೊಂದಕ್ಕೆ ಬರುತ್ತಾರೆ. ಹೆತ್ತವರಿಗೆ ತಿಳಿಸುವ ಕೃಪೆ ಮಾಡಿ." ಅದರ ಹಿಂದೆ ಇನ್ನೊಂದು ಅರ್ಜಿ. ಅದರ ಹಿಂದೆ ಮತ್ತೊಂದು. ಎರಡು ವರ್ಷದಲ್ಲಿ ಹನ್ನೊಂದು. ಎಲ್ಲವೂ ಅವಳ ಕೈಯವೇ. ಒಂದರಲ್ಲೂ ಅಕ್ಷರ ತಪ್ಪಿರಲಿಲ್ಲ, ವಿಳಾಸ ಮನೆ ನಂಬರಿನವರೆಗೆ ಸರಿಯಾಗಿತ್ತು. ನಡುನಡುವೆ ಆ ಕಡೆಯಿಂದ ಈ ಕಡೆಗೂ ಬಂದಿದ್ದವು. ಊರಲ್ಲಿ ಎಲ್ಲರೂ ಗುರುತಿನವರು ಎಂದು ಹೆದರಿ, ಮೂವತ್ತು ದಿನ ಬೋರ್ಡಿನಲ್ಲಿದ್ದರೂ ಪರವಾಗಿಲ್ಲ, ಅಲ್ಲಿ ನಮ್ಮನ್ನು ಬಲ್ಲವರಿಲ್ಲ ಎಂದುಕೊಂಡು ಆಚೆಗೆ ಹೋದ ಇಲ್ಲಿಯ ಹುಡುಗಿಯರು. ನಾಲ್ಕು ಜನ. ಒಬ್ಬಳು ಪಕ್ಕದ ಬೀದಿಯ ಔಷಧಿ ಅಂಗಡಿಯವನ ಮಗಳು. ಹೋದ ವರ್ಷ ಅವಳನ್ನು ಓದಲಿಕ್ಕೆ ಸೋದರತ್ತೆಯ ಊರಿಗೆ ಕಳಿಸಿದರು ಎಂದು ಎಲ್ಲರೂ ನಂಬಿದ್ದರು. ಅವಳ ಫೋಟೋದ ಕೆಳಗೆ ಸಾಹೇಬರ ಉತ್ತರ: "ಧನ್ಯವಾದ. ನಿಮ್ಮ ಋಣ ತೀರಿಸುತ್ತೇವೆ." ಪಕ್ಕದಲ್ಲಿ ಕೈಮುಗಿದ ಚಿತ್ರ.

ಅಕ್ಕ ತನ್ನ ಮೊಬೈಲ್ ತೆಗೆದು ಒಂದೊಂದೇ ಪುಟದ ಫೋಟೋ ತೆಗೆದುಕೊಂಡಳು. ಆಮೇಲೆ ಬಚ್ಚಲಿಗೆ ಹೋಗಿ ಬೆಳಗಿನ ತಿಂಡಿಯನ್ನೆಲ್ಲ ವಾಂತಿ ಮಾಡಿದಳು.

ಸಾಹೇಬರು ಬಂದಾಗ ಅವರ ಮೊಬೈಲ್ ಮೇಜಿನ ಮೇಲೆ ತೆರೆದೇ ಇತ್ತು.

"ಹೇಳಿಕೆ ಆಯ್ತೇನಮ್ಮ?"

"ಇದೇನು ಸಾರ್ ಇದು?"

ಅವರು ಕನ್ನಡಕ ಏರಿಸಿ ನೋಡಿದರು. ಬೆಚ್ಚಿಬೀಳುತ್ತಾರೆ, ಇಲ್ಲ ಬೈಯುತ್ತಾರೆ ಎಂದುಕೊಂಡಿದ್ದಳು. ಅವರು ನಿಟ್ಟುಸಿರುಬಿಟ್ಟು ಕುರ್ಚಿ ಎಳೆದುಕೊಂಡರು.

"ನಾನೂ ಹೆಣ್ಣು ಹೆತ್ತವನಮ್ಮ. ತಂದೆತಾಯಿಗೆ ಒಂದು ಮಾತು ಗೊತ್ತಿರ್ಲಿ ಅಂತ. ಒಂದು ಪೈಸೆ ಮುಟ್ಟಿದ್ರೆ ನನ್ನ ಕೈಗೆ ಹುಳ ಬೀಳ್ಲಿ."

"ಆ ಹುಡುಗನ ದವಡೆ ಮುರಿದಿದೆ."

"ಅದು ಅವರ ಸಂಸ್ಕೃತಿ. ನಾನು ಹೊಡೀರಿ ಅಂದ್ನಾ? ನೋಡಮ್ಮ, ನಮ್ಮ ಕಾನೂನು ಉದಾರ. ನಮ್ಮ ಮಕ್ಕಳಿಗೆ ಅದು ಸರಿ, ನಮ್ಮ ಮಕ್ಕಳಿಗೆ ವಿವೇಕ ಇದೆ. ಆ ಕಡೆಯವರಿಗೆ ಇನ್ನೂ ಅಷ್ಟು ಅರಗಲ್ಲ. ಅವರ ರೀತಿ ನೀತಿಗೂ ನಾವು ಗೌರವ ಕೊಡ್ಬೇಕಲ್ವಾ? ಅದೂ ಉದಾರತೆನೇ."

"ಮತ್ತೆ ಔಷಧಿ ಅಂಗಡಿಯವರ ಮಗಳು? ಅವಳು ನಮ್ಮವಳೇ."

ಸಾಹೇಬರು ಬಿಸ್ಕತ್ತಿನ ಪೊಟ್ಟಣ ಅವಳ ಕಡೆ ಸರಿಸಿದರು. "ತಗೋ. ನೆರೆಹೊರೆ ಅಂದ್ಮೇಲೆ ಕೊಡೋದು ತಗೊಳೋದು ಇರುತ್ತೆ. ನೀನು ಆ ಕಡೆ ಹುಟ್ಟಿದವಳು, ನಿನಗೆ ಬಿಡಿಸಿ ಹೇಳ್ಬೇಕಾ?"

ಅವಳು ಆ ಪೊಟ್ಟಣವನ್ನು ಹಿಂದಕ್ಕೆ ತಳ್ಳಿದಳು. ಬೀದಿಯಲ್ಲಿ ಎರಡು ರಾಜ್ಯಗಳು ಒಂದಕ್ಕೊಂದು ಕೈ ತೋರಿಸಿ ಹಂಗಿಸುತ್ತವೆ, ಮೇಜಿನ ಕೆಳಗೆ ಅವೇ ಕೈಗಳು ಒಂದನ್ನೊಂದು ಹಿಡಿದುಕೊಂಡಿವೆ. ಈ ನಡುವೆ ತಾನು ಇಪ್ಪತ್ತೆರಡು ವರ್ಷ ಅಪ್ಪನ ಕಿಟಕಿ ತೋರಿಸಿ ಜನರನ್ನು ನಗಿಸಿದೆ. ಅಪ್ಪ ಹಲಗೆ ಹೊಡೆಸಿದ್ದ, ನಿಜ. ಎಲ್ಲರಿಗೂ ಕಾಣುವಂತೆ ಹೊಡೆಸಿದ್ದ.

ಅವಳು ಅಂದೇ ದೂರು ಬರೆದಳು. ಮೇಲಿನ ಕಚೇರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ಫೋಟೋಗಳನ್ನು ಟಿವಿಯವಳಿಗೂ ಕೊಟ್ಟಳು. ಟಿವಿಯವಳು ಎಲ್ಲವನ್ನೂ ನೋಡಿ, ತುಟಿ ಕಚ್ಚಿ, "ಅಕ್ಕಾ, ಇದು ಆ ರಾಜ್ಯದ ಆಫೀಸರ್ ಒಬ್ಬನೇ ಆಗಿದ್ರೆ ಇವತ್ತೇ ಹಾಕ್ತಿದ್ದೆ. ಈಗಷ್ಟೇ ನಾವು ಫಸ್ಟ್ ಬಂದಿದೀವಿ, ನಮ್ಮವರೇ ಹೀಗೆ ಅಂದ್ರೆ ಜನ ತಗೊಳಲ್ಲ" ಎಂದಳು.

ನಾಲ್ಕು ದಿನಕ್ಕೆ ಸುದ್ದಿ ಹೇಗೋ ಹಬ್ಬಿ ಆಚೆಯ ಚಾನೆಲ್‌ನವರು ಫೋನ್ ಮಾಡಿದರು. ಅವರಿಗೂ ಕೊಟ್ಟಳು. ಅವರು ಸಂಭ್ರಮದಿಂದಲೇ ಹಾಕಿದರು: "ಉದಾರ ರಾಜ್ಯದ ಬಣ್ಣ ಬಯಲು". ಸಾಹೇಬರ ಮುಖ ಪರದೆ ತುಂಬಾ ಬಂತು. ಆದರೆ ತಮ್ಮ ಅಧಿಕಾರಿಯ ಹೆಸರಿದ್ದ ಸಾಲುಗಳನ್ನು ಮಸುಕು ಮಾಡಿದ್ದರು. ಹುಡುಗಿಯನ್ನು ಎಳೆದೊಯ್ದವರು ತಮ್ಮ ಊರಿನವರೇ ಎಂಬ ಮಾತೂ ಇರಲಿಲ್ಲ. ಒಬ್ಬ ನಿರೂಪಕ ನಗುತ್ತಾ, "ನಮ್ಮಲ್ಲಾದರೆ ಹೇಳಿಯೇ ಮಾಡುತ್ತೇವೆ" ಎಂದ. ಅಕ್ಕ ಟಿವಿ ಆರಿಸಿದಳು.

ಗಂಡ ಊಟದ ತಟ್ಟೆಯ ಮುಂದೆ ಕೂತಿದ್ದ.

"ತಪ್ಪು ಮಾಡಿದ್ದು ಅವರು, ಒಪ್ತೀನಿ. ಆದ್ರೆ ಆ ಕಡೆಯ ಚಾನೆಲ್‌ಗೆ ಯಾಕೆ ಕೊಟ್ಟೆ? ನಾಳೆ ಸ್ಟಾಫ್ ರೂಮಲ್ಲಿ ನಾನು ಮುಖ ಎತ್ಕೊಂಡು ಹೋಗೋದು ಹೇಗೆ? ನಮ್ಮ ರಾಜ್ಯದ ಮರ್ಯಾದೆ ಕಳೆದ್ಯಲ್ಲ."

"ಇಲ್ಲಿಯವರು ತಗೊಳ್ಳಲಿಲ್ಲ."

"ಹಾಗಂತ? ಎಷ್ಟಾದ್ರೂ ಹುಟ್ಟಿದ ಊರಿನ ಸೆಳೆತ ಬಿಡುತ್ತಾ," ಎಂದ ಅವನು.

ಅವಳು ಅವನನ್ನು ನೋಡುತ್ತಾ ಕೂತಳು. ಕ್ಲಾಸಿನಲ್ಲಿ ಸಮಾನತೆ, ಸ್ವಾತಂತ್ರ್ಯ ಎಂದು ಬೋರ್ಡಿನ ಮೇಲೆ ಬರೆಸುವ ಮನುಷ್ಯ, ಕೆಟ್ಟವನಲ್ಲ. ಆದರೂ ಅವನು ಅನ್ನ ಅಗಿಯುವ ಸದ್ದು ಆ ಹೊತ್ತು ಅವಳಿಗೆ ಸಹಿಸಲಾಗಲಿಲ್ಲ.

ಗೋಡೆಗೆ ಒರಗಿ ಕೂತಿದ್ದ ಅತ್ತೆ ಈಗ ಬಾಯಿ ತೆರೆದಳು. "ಅಲ್ವೇ, ಆ ಹುಡುಗಿ ಈಗ ಎಲ್ಲಿದಾಳೆ?"

ಇಬ್ಬರೂ ಅತ್ತ ತಿರುಗಿದರು.

"ಟಿವಿಯಲ್ಲಿ ನೋಡ್ದೆ, ಆ ಟಿವಿ ನೋಡ್ದೆ, ಈ ಟಿವಿ ನೋಡ್ದೆ. ಆ ರಾಜ್ಯ ಹೀಗೆ, ಈ ರಾಜ್ಯ ಹಾಗೆ. ಹುಡುಗಿ ಎಲ್ಲಿದಾಳೆ ಅಂತ ಒಬ್ಬ ನನ್ಮಗನೂ ಹೇಳ್ಲಿಲ್ವಲ್ಲ."

ಅಕ್ಕನ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ದೂರು ಬರೆದವಳು, ಫೋಟೋ ಹಂಚಿದವಳು, ತಾನೂ ಅದನ್ನು ಕೇಳಿರಲಿಲ್ಲ.

"ಅಮ್ಮಾ, ನಿನಗೆ ಯಾಕೆ ಅದೆಲ್ಲ," ಎಂದ ಮಗ.

"ನೀನು ಸುಮ್ನಿರು. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದೆ, ಪಕ್ಕದವರ ತಟ್ಟೆಯ ನೊಣ ಎಣಿಸ್ತಾನಂತೆ." ಅತ್ತೆ ಸೊಸೆಯ ಕಡೆ ತಿರುಗಿದಳು. "ವಿಳಾಸ ಗೊತ್ತಿದೆಯಲ್ಲ? ನಾಳೆ ಬೆಳಗ್ಗೆ ಹೋಗೋಣ. ನಾನೂ ಬರ್ತೀನಿ."

ಎಪ್ಪತ್ತು ದಾಟಿದ ಅತ್ತೆ ಅಲ್ಲಿಯವರೆಗೆ ಒಮ್ಮೆಯೂ ಆ ಸೇತುವೆ ದಾಟಿದವಳಲ್ಲ; ಮಗನ ಮದುವೆಯೂ ಈಚೆ ದಡದಲ್ಲೇ ಆಗಿತ್ತು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ನೋಡುತ್ತಾ ಹೋದಳು. ಆಚೆ ದಡದ ಅಂಗಡಿಗಳು, ಸೈಕಲ್ಲುಗಳು, ಒಣಹಾಕಿದ ಬಟ್ಟೆಗಳನ್ನು ಕಂಡು, "ಎಲ್ಲಾ ನಮ್ಮ ಹಾಗೇ ಇದೆಯಲ್ಲೇ" ಎಂದಳು, ಯಾರೋ ಮೋಸ ಮಾಡಿದರು ಎಂಬ ದನಿಯಲ್ಲಿ.

ಮರದ ಡಿಪೋ ಹಿಂದಿನ ಓಣಿಯಲ್ಲಿ ಹುಡುಗಿಯ ಮನೆ. ಗಂಡಸರೆಲ್ಲ ಕೆಲಸಕ್ಕೆ ಹೋಗಿದ್ದ ಹೊತ್ತು. ತಾಯಿ ಬಾಗಿಲನ್ನು ಅರ್ಧ ತೆರೆದಳು.

"ಯಾರು ಬೇಕಿತ್ತು?"

"ನಿಮ್ಮ ಮಗಳನ್ನ ನೋಡ್ಬೇಕಿತ್ತು," ಎಂದಳು ಅಕ್ಕ.

"ಅವಳಿಲ್ಲ. ನೆಂಟರ ಮನೆಗೆ ಹೋಗಿದಾಳೆ."

ಅತ್ತೆ ಹೊಸ್ತಿಲ ಹೊರಗಿನ ಕಲ್ಲಿನ ಮೇಲೆ ಕೂತೇಬಿಟ್ಟಳು. "ಸರಿಯಮ್ಮ, ಬರೋವರೆಗೂ ಇರ್ತೀನಿ. ನನಗೆ ಮಂಡಿ ನೋವು, ಕೂತ್ಮೇಲೆ ಏಳೋಕೆ ಹೇಗೂ ಆಗಲ್ಲ. ಒಂದು ಲೋಟ ನೀರು ಕೊಡಿಸು."

ಓಣಿಯ ಎದುರು ಮನೆಯವರು ಇಣುಕತೊಡಗಿದರು. ತಾಯಿ ಏನು ಮಾಡಲೂ ತೋಚದೆ ನಿಂತಿದ್ದಾಗ ಒಳಗಿನಿಂದ ನೀರಿನ ಲೋಟ ಹಿಡಿದು ಹುಡುಗಿಯೇ ಬಂದಳು. ಜಡೆ ಇರಲಿಲ್ಲ. ಕೂದಲನ್ನು ಕಿವಿಯ ಮೇಲಕ್ಕೆ ಎಲ್ಲೆಂದರಲ್ಲಿ ಕತ್ತರಿಸಿದ್ದರು. ಲೋಟವನ್ನು ಮುದುಕಿಗೆ ಕೊಟ್ಟು, ಅಕ್ಕನ ಮುಖ ನೋಡಿದಳು.

"ಟೈಪ್ ಮಾಡಿದವರು ನೀವಲ್ವಾ?"

"ಹೌದಮ್ಮ. ಆದ್ರೆ ಮನೆಗೆ ತಿಳಿಸಿದ್ದು ನಾನಲ್ಲ."

"ಯಾರಾದ್ರೇನು. ನಮ್ಮಪ್ಪ ಬೈತಾನೆ, ಹೊಡೀತಾನೆ, ಕೂದಲು ಕತ್ತರಿಸ್ತಾನೆ. ಅವನ ಬುದ್ಧಿ ನನಗೆ ಮೊದಲಿಂದ ಗೊತ್ತು, ಅದಕ್ಕೇ ಹೆದರಿ ಓಡಿದ್ದು. ನಿಮ್ಮ ಆಫೀಸಿನವರದು ಗೊತ್ತಿರ್ಲಿಲ್ಲ. ನೀವು ಚಹಾ ಕೊಟ್ರಿ. ತಲೆ ಸವರಿದ್ರಿ." ಅವಳು ಪಕ್ಕಕ್ಕೆ ತಿರುಗಿ ಮಣ್ಣಿಗೆ ಉಗಿದಳು. "ಹೊಡೆದದ್ದು ನೋವಾಗಿದೆ ಅಷ್ಟೇ. ಆ ಚಹಾ ನೆನೆಸ್ಕೊಂಡ್ರೆ ಹೇಸಿಗೆ ಆಗುತ್ತೆ."

ಅವಳು ಉಗಿದದ್ದು ತನ್ನ ಮೇಲೆ ಬೀಳದಿದ್ದದ್ದೇ ಹೆಚ್ಚು ಎಂದು ಅಕ್ಕನಿಗೆ ಅನ್ನಿಸಿತು. "ನಾನೂ ಈ ಕಡೆಯವಳೇ. ಅವತ್ತು ಸುಳ್ಳು ಹೇಳಿದೆ" ಎಂದಳು. ಹುಡುಗಿ ಮುದುಕಿಯ ಕೈಯಿಂದ ಖಾಲಿ ಲೋಟ ತೆಗೆದುಕೊಂಡಳು.

"ಹುಡುಗ ಆಸ್ಪತ್ರೆಯಲ್ಲಿದಾನೆ," ಎಂದಳು ಅಕ್ಕ. "ದವಡೆಗೆ ತಂತಿ ಹಾಕಿದಾರೆ. ಮಾತಾಡೋಕೆ ಆಗಲ್ಲ. ನಿನ್ನ ಹೆಸರನ್ನ ಚೀಟಿ ಮೇಲೆ ಬರೆದು ಬರೆದು ಬಂದವರಿಗೆಲ್ಲ ತೋರಿಸ್ತಾನಂತೆ."

ಹುಡುಗಿ ಗೋಡೆ ಹಿಡಿದುಕೊಂಡಳು. "ಓಡಿಹೋದ ಅಂದ್ರಲ್ಲ. ಇನ್ನು ಬರಲ್ಲ ಅಂತ ಬರೆದುಕೊಟ್ಟ ಅಂದ್ರಲ್ಲ."

ತಾಯಿ ಮಗಳ ಮುಖವನ್ನೂ ಬಂದವರ ಮುಖವನ್ನೂ ನೋಡಿದಳು. ಅವಳಿಗೂ ಗಂಡಸರು ಅದನ್ನೇ ಹೇಳಿದ್ದರೆಂದು ಆ ನೋಟದಲ್ಲೇ ಗೊತ್ತಾಯಿತು. ಅಕ್ಕ ಆಸ್ಪತ್ರೆಯ ಹೆಸರು, ವಾರ್ಡ್ ನಂಬರು ಹೇಳಿ ಮುಗಿಸುವವರೆಗೂ ಅವಳು ಬಾಗಿಲು ಮುಚ್ಚಲಿಲ್ಲ.

ವಿಚಾರಣೆ ನಡೆಯಿತು. ಸಾಹೇಬರ ಕೃತ್ಯಕ್ಕೆ "ಮಾಹಿತಿ ನೀಡಿಕೆಯಲ್ಲಿ ಅಚಾತುರ್ಯ" ಎಂದು ಹೆಸರಿಟ್ಟರು. ಎರಡು ತಿಂಗಳು ಮನೆಯಲ್ಲಿ ಕೂರಿಸಿ, ಆಮೇಲೆ ರಾಜಧಾನಿಯ ತರಬೇತಿ ಕೇಂದ್ರಕ್ಕೆ ಹಾಕಿದರು; ಹೊಸ ಗುಮಾಸ್ತರಿಗೆ ಸಾರ್ವಜನಿಕರೊಡನೆ ಸೌಜನ್ಯದಿಂದ ನಡೆದುಕೊಳ್ಳುವುದು ಹೇಗೆಂದು ಪಾಠ ಮಾಡಲು. ಆಚೆಯ ಅಧಿಕಾರಿಗೆ ಏನೂ ಆಗಲಿಲ್ಲ. ಅಕ್ಕನನ್ನು ನೆಲಮಾಳಿಗೆಯ ಹಳೇ ದಾಖಲೆಗಳ ಕೋಣೆಗೆ ಬದಲಾಯಿಸಿದರು. ಕಚೇರಿಯವರು ಅವಳ ಜೊತೆ ಚಹಾ ಕುಡಿಯುವುದನ್ನು ಬಿಟ್ಟರು. ಒಂದು ದೃಷ್ಟಿಯಲ್ಲಿ ಒಳ್ಳೆಯದೇ ಆಯಿತು, ಅವಳಿಗೂ ಅವರ ಚಹಾ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮನೆಗೆ ಸ್ನೇಹಿತರು ಬಂದಾಗ ಗಂಡ ಕಿಟಕಿ ಕಥೆ ಕೇಳಲು ಒಮ್ಮೆ ಬಾಯಿ ತೆರೆದವನು ಅವಳ ಮುಖ ನೋಡಿ ಮುಚ್ಚಿಕೊಂಡ.

ಮಧ್ಯಾಹ್ನಗಳಲ್ಲಿ ಅವಳು ಆ ಹನ್ನೊಂದರಲ್ಲಿ ಉಳಿದ ಹತ್ತು ವಿಳಾಸಗಳಿಗೆ ಒಂದೊಂದಾಗಿ ಪತ್ರ ಬರೆದಳು, ಔಷಧಿ ಅಂಗಡಿಯವನ ಮಗಳನ್ನು ಹುಡುಕಿದಳು. ಮೂರು ಪತ್ರ ವಾಪಸ್ ಬಂದವು. ಉಳಿದವಕ್ಕೆ ಉತ್ತರ ಬರಲಿಲ್ಲ. ಸೋದರತ್ತೆಯ ಊರಿನಲ್ಲಿ ಅಂಥ ಹುಡುಗಿ ಯಾರೂ ಇಲ್ಲವೆಂದರು.

ಮಳೆಗಾಲ ಕಳೆದ ಮೇಲೆ ಒಂದು ಸಂಜೆ ಗುರುತಿಲ್ಲದ ನಂಬರಿನಿಂದ ಫೋನ್ ಬಂತು.

"ನಾನು. ಕಾಲರ್ ಹೊಲಿಯೋಳು," ಎಂದಿತು ದನಿ. "ಮದುವೆ ಆಯ್ತು. ಅವರೂ ಪರವಾಗಿಲ್ಲ, ಗಟ್ಟಿ ಪದಾರ್ಥ ಅಗಿಯೋಕೆ ಆಗಲ್ಲ ಅಷ್ಟೇ. ಅಮ್ಮಾನೇ ಬಸ್ ಹತ್ತಿಸಿದ್ಳು. ಆಮೇಲೆ ಅವಳಿಗೆ ಏನು ಮಾಡಿದ್ರೋ ಗೊತ್ತಿಲ್ಲ." ಸ್ವಲ್ಪ ತಡೆದು ತಾವಿರುವ ಊರಿನ ಹೆಸರು ಹೇಳಿದಳು. ಎರಡೂ ರಾಜ್ಯಗಳಲ್ಲದ ಊರು. "ನಿಮಗೆ ಹೇಳ್ಬೇಕು ಅನ್ನಿಸ್ತು, ಹೇಳ್ದೆ. ಇನ್ನು ಫೋನ್ ಮಾಡಲ್ಲ."

"ಆಗ್ಲಮ್ಮ. ಚೆನ್ನಾಗಿರು," ಎಂದಳು ಅಕ್ಕ. ಕರೆ ಮುಗಿದ ಕೂಡಲೇ ಆ ನಂಬರನ್ನು ಅಳಿಸಿಹಾಕಿದಳು.

"ಯಾರೇ ಅದು?" ಒಳಗಿನಿಂದ ಅತ್ತೆ ಕೂಗಿದಳು.

"ಆ ಹುಡುಗಿ. ಮದುವೆ ಆಯ್ತಂತೆ. ಚೆನ್ನಾಗಿದಾಳಂತೆ."

"ಎಲ್ಲಿದಾಳಂತೆ?"

ಹಜಾರದಲ್ಲಿ ಗಂಡ ಪತ್ರಿಕೆ ಕೆಳಗಿಳಿಸಿ ಕಿವಿಗೊಟ್ಟಿದ್ದ.

"ಹೇಳ್ಲಿಲ್ಲ ಅತ್ತೆ," ಎಂದಳು ಅವಳು.